ಗೇಟಿನ ಬ್ಯಾನರ್ ನಂಬುವ ಮೊದಲು: ಎಂಜಿನಿಯರಿಂಗ್ ವಿಭಾಗಗಳನ್ನು ಸೈಟೇಷನ್ ಲೆಕ್ಕದಲ್ಲಿ ನೀವೇ ತೂಗುವುದು ಹೇಗೆ

ಮೇ, ಜೂನ್ ಬಂತೆಂದರೆ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಗೇಟಿಗೆ ಬ್ಯಾನರ್ ಬೀಳುತ್ತವೆ. ಒಂದರ ಮೇಲೆ ‘ನಮ್ಮ ಇಂತಿಷ್ಟು ಅಧ್ಯಾಪಕರು ವಿಶ್ವದ ಟಾಪ್ ಶೇ 2 ವಿಜ್ಞಾನಿಗಳು’ ಅಂತ ಇದ್ದರೆ, ಎದುರಿನದರ ಮೇಲೆ ‘ಒಟ್ಟು ಇಷ್ಟು ಸಾವಿರ ಸೈಟೇಷನ್’, ಅಂದರೆ ಬೇರೆಯವರ ಸಂಶೋಧನಾ ಲೇಖನಗಳಲ್ಲಿ ಇಷ್ಟು ಸಾವಿರ ಉಲ್ಲೇಖ, ಅಂತ ಇರುತ್ತದೆ. ಎರಡೂ ಸುಳ್ಳಲ್ಲ. ಆದರೆ ಎರಡನ್ನೂ ಓದಿ ಸೀಟು ಹಿಡಿದವನಿಗೆ ಅದರಿಂದ ಏನೂ ತಿಳಿದಂತಾಗುವುದಿಲ್ಲ.

ನಾನು ಇಂಥದೇ ಒಂದು ಕಾಲೇಜಿನ ಲೈಬ್ರರಿಯವನು. ಪುಸ್ತಕ ಕೊಡುವುದು, ಹಿಂದಕ್ಕೆ ತಗೊಳ್ಳುವುದು ಈಗ ನನ್ನ ಕೆಲಸದ ಕಾಲುಭಾಗವೂ ಇಲ್ಲ. ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ಗೆ ಒಂದು, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಒಂದು, ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಬಿಎಗೆ ಒಂದು ಅಂತ ಪಬ್ಲಿಕೇಷನ್ ಲೆಕ್ಕ ಹೊಂದಿಸುವುದರಲ್ಲೇ ವರ್ಷ ಕಳೆಯುತ್ತದೆ. ಹಾಗಾಗಿ ಬ್ಯಾನರಿನ ಅಂಕಿ ಎಲ್ಲಿ ಹುಟ್ಟುತ್ತದೆ, ಎಲ್ಲಿ ಉಬ್ಬುತ್ತದೆ ಅನ್ನುವುದು ಗೊತ್ತು. ಹೋದ ವರ್ಷ ಅಕ್ಕನ ಮಗ ಗೇಟ್ ಪರೀಕ್ಷೆ ಬರೆದು ಎಂ.ಟೆಕ್‌ಗೆ ಅರ್ಜಿ ಹಾಕುವಾಗ ಅಕ್ಕ ಫೋನ್ ಮಾಡಿದಳು. ‘ಊರಿಗೆಲ್ಲ ಲೆಕ್ಕ ಹಾಕಿಕೊಡ್ತೀಯ, ನಮ್ಮ ಹುಡುಗನಿಗೂ ಒಂದು ಹಾಕಿಕೊಡೋ.’ ಎರಡು ಭಾನುವಾರ ಅವನ ಜೊತೆ ಲ್ಯಾಪ್‌ಟಾಪ್ ಮುಂದೆ ಕೂತೆ. ಅವತ್ತು ಮಾಡಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಇದು ಯಾರಿಗೆ ಬೇಕು, ಯಾರಿಗೆ ಬೇಡ

ಪಿಯುಸಿ ಮುಗಿಸಿ ಸಿಇಟಿ, ಕಾಮೆಡ್‌ಕೆ ಆಪ್ಷನ್ ಎಂಟ್ರಿಗೆ ಕೂತವರಿಗೆ ಇದು ಬೇಡ. ಬಿ.ಇ. ಮೊದಲ ವರ್ಷದಲ್ಲಿ ಪಾಠ ಮಾಡುವ ಮೇಷ್ಟ್ರಿಗೆ ಎಷ್ಟು ಸೈಟೇಷನ್ ಇದೆ ಅನ್ನುವುದರಿಂದ ನಿಮ್ಮ ಮಗಳಿಗೆ ಆಗಬೇಕಾದ್ದು ಏನೂ ಇಲ್ಲ. ಮೇಷ್ಟ್ರು ಕ್ಲಾಸಿಗೆ ಬರುತ್ತಾರೋ ಇಲ್ಲವೋ, ಲ್ಯಾಬಿನಲ್ಲಿ ಕೈಗೆ ಉಪಕರಣ ಸಿಗುತ್ತದೋ ಇಲ್ಲವೋ ಕೇಳಿ, ಅಷ್ಟು ಸಾಕು.

ಎಂ.ಟೆಕ್, ಎಂ.ಟೆಕ್ ರಿಸರ್ಚ್, ಪಿಎಚ್.ಡಿ. ಮಾಡುವವರ ವಿಷಯ ಬೇರೆ. ಅವರು ಕಾಲೇಜು ಸೇರುವುದಲ್ಲ, ಒಬ್ಬ ಗೈಡಿನ ಕೈಕೆಳಗೆ ಸೇರುವುದು. ಆ ಗೈಡಿನ ಕೆಲಸವನ್ನು ಹೊರಗಿನವರು ಓದುತ್ತಾರಾ, ಬಳಸುತ್ತಾರಾ ಅನ್ನುವುದು ಅವರ ಮುಂದಿನ ಐದು ವರ್ಷದ ಪ್ರಶ್ನೆ.

ಮೊದಲು ಅಳತೆಗೋಲು ತಿಳಿದುಕೊಳ್ಳಿ

ಒಂದು ಸಂಶೋಧನಾ ಲೇಖನದ, ಅಂದರೆ ಪೇಪರಿನ, ಕೊನೆಯಲ್ಲಿ ‘ಇವರ ಕೆಲಸ ಬಳಸಿಕೊಂಡಿದ್ದೇವೆ’ ಅಂತ ಪಟ್ಟಿ ಇರುತ್ತದಲ್ಲ, ಆ ಪಟ್ಟಿಯಲ್ಲಿ ನಿಮ್ಮ ಪೇಪರ್ ಬಂದರೆ ನಿಮಗೆ ಒಂದು ಸೈಟೇಷನ್. ಇದನ್ನು ವ್ಯವಸ್ಥಿತವಾಗಿ ಎಣಿಸಲು ಶುರುಮಾಡಿದವರು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್. ಅವರ ಸೈನ್ಸ್ ಸೈಟೇಷನ್ ಇಂಡೆಕ್ಸ್ ಹೊರಬಂದದ್ದು 1964ರಲ್ಲಿ. ಸಂಬಂಧಪಟ್ಟ ಪೇಪರ್ ಹುಡುಕಲು ಅನುಕೂಲವಾಗಲಿ ಅಂತ ಮಾಡಿದ್ದು ಅದು, ಮೇಷ್ಟ್ರುಗಳಿಗೆ ಅಂಕ ಹಾಕಲು ಅಲ್ಲ. ಲೈಬ್ರರಿಯವರ ಉಪಕರಣ ಆಡಳಿತದವರ ಕೈಗೆ ಹೋದದ್ದು ಆಮೇಲೆ.

ಒಬ್ಬರ ಪೇಪರ್, ಸೈಟೇಷನ್ ಎರಡನ್ನೂ ಸೇರಿಸಿ ಒಂದೇ ಅಂಕಿ ಮಾಡುವ ಎಚ್-ಇಂಡೆಕ್ಸ್ 2005ರದ್ದು, ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಅವರ ಯೋಚನೆ. ಲೆಕ್ಕ ಸುಲಭ. ಒಬ್ಬರ ಪೇಪರ್‌ಗಳನ್ನು ಸೈಟೇಷನ್ ಪ್ರಕಾರ ಹೆಚ್ಚಿನಿಂದ ಕಡಿಮೆಗೆ ಸಾಲಾಗಿ ಇಡಿ. ಉದಾಹರಣೆಗೆ 25, 14, 9, 6, 5, 3, 1 ಅಂತ ಇದೆ ಅಂದುಕೊಳ್ಳಿ. ಐದನೇ ಪೇಪರಿಗೆ 5 ಇದೆ, ಆರನೆಯದಕ್ಕೆ ಮೂರೇ. ಅಂದರೆ ಕನಿಷ್ಠ ಐದೈದು ಸೈಟೇಷನ್ ಇರುವ ಪೇಪರ್ ಐದು, ಅಲ್ಲಿಗೆ ಎಚ್-ಇಂಡೆಕ್ಸ್ 5. ಮೊದಲ ಪೇಪರಿನ 25 ನಾಳೆ 2,500 ಆದರೂ ಇದು ಅಲುಗುವುದಿಲ್ಲ. ಒಂದೇ ಪೇಪರಿನಿಂದ ಹೆಸರಾದವರನ್ನೂ ನಿಧಾನಕ್ಕೆ ನಡೆದವರನ್ನೂ ಇದು ಬೇರೆ ಮಾಡುತ್ತದೆ. ಆದರೆ ವಯಸ್ಸಾದಷ್ಟೂ ಏರುತ್ತಲೇ ಹೋಗುತ್ತದೆ, ಇಳಿಯುವ ಮಾತೇ ಇಲ್ಲ. ಅದಕ್ಕೆ ಹಿರ್ಷ್ ಅವರೇ ಒಂದು ಉಪಾಯ ಹೇಳಿದ್ದಾರೆ: ಮೊದಲ ಪೇಪರ್ ಬರೆದಾಗಿನಿಂದ ಎಷ್ಟು ವರ್ಷವಾಯಿತೋ ಅದರಿಂದ ಎಚ್ ಅನ್ನು ಭಾಗಿಸಿ. ಮೂವತ್ತು ವರ್ಷ ಸರ್ವೀಸಿನ ಪ್ರೊಫೆಸರನ್ನೂ ಆರು ವರ್ಷದ ಅಸಿಸ್ಟೆಂಟ್ ಪ್ರೊಫೆಸರನ್ನೂ ಅಕ್ಕಪಕ್ಕ ಇಡಬೇಕಾದರೆ ನಾನು ಇದನ್ನೇ ಬಳಸುವುದು.

ಸಿದ್ಧ ಪಟ್ಟಿಗಳ ಒಳಗೆ ಏನಿದೆ

ಎನ್‌ಐಆರ್‌ಎಫ್‌ನ ಮೊದಲ ಪಟ್ಟಿ ಬಂದದ್ದು 2016ರಲ್ಲಿ. ಎಂಜಿನಿಯರಿಂಗ್ ವರ್ಗದಲ್ಲಿ ಸಂಶೋಧನೆಗೆ ಇರುವುದು 100ಕ್ಕೆ 30, ಅದರಲ್ಲೇ ಪೇಪರ್ ಸಂಖ್ಯೆ, ಸೈಟೇಷನ್, ಪೇಟೆಂಟ್, ಪ್ರಾಜೆಕ್ಟ್ ಹಣ ಎಲ್ಲವೂ ಸೇರಿವೆ. ಶಿಕ್ಷಣ ತಜ್ಞರ, ಉದ್ಯೋಗ ಕೊಡುವವರ ಅಭಿಪ್ರಾಯಕ್ಕೆ ಇನ್ನೂ 10. ಅಂದರೆ ಎನ್‌ಐಆರ್‌ಎಫ್ ರ‍್ಯಾಂಕ್ ನೋಡಿ ‘ಇಲ್ಲಿ ಸಂಶೋಧನೆ ಚೆನ್ನಾಗಿದೆ’ ಅನ್ನುವುದು ಊಟದ ಬಿಲ್ ನೋಡಿ ಸಾರಿನ ರುಚಿ ಹೇಳಿದ ಹಾಗೆ. ಇನ್ನೊಂದು ತಮಾಷೆ ಇದೆ. ಹಳೇ ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಭಾರತೀಯ ವಿಜ್ಞಾನ ಸಂಸ್ಥೆ ವಿಶ್ವವಿದ್ಯಾಲಯಗಳ ವರ್ಗದಲ್ಲಿ ಮೊದಲ ವರ್ಷದಿಂದ ಮೊದಲ ಸ್ಥಾನದಲ್ಲಿದೆ. ಎಂಜಿನಿಯರಿಂಗ್ ವರ್ಗದ ಮೊದಲ ಹತ್ತರಲ್ಲಿ ಹುಡುಕಿದರೆ ಹೆಸರೇ ಸಿಗುವುದಿಲ್ಲ. ಎಂಜಿನಿಯರಿಂಗ್ ಪಟ್ಟಿ ಮಾತ್ರ ತೆರೆದು ನೋಡುವ ಹುಡುಗನಿಗೆ ಯಶವಂತಪುರದ ಪಕ್ಕದಲ್ಲೇ ಇರುವ ಸಂಸ್ಥೆ ಕಣ್ಣಿಗೆ ಬೀಳದೆ ಹೋಗಬಹುದು.

ಜಗತ್ತಿನ ವಿಶ್ವವಿದ್ಯಾಲಯಗಳಿಗೆ ರ‍್ಯಾಂಕ್ ಕೊಡುವ ಕ್ಯೂಎಸ್‌ನದು ಇನ್ನೊಂದು ಬಗೆ. ಅದರಲ್ಲಿ ಬೋಧಕರ ತಲಾ ಸೈಟೇಷನ್ ಅನ್ನುವ ಅಂಶವಿದೆ. ಐದು ವರ್ಷದ ಪೇಪರ್‌ಗಳಿಗೆ ಆರು ವರ್ಷದಲ್ಲಿ ಬಂದ ಸೈಟೇಷನ್ ಹಿಡಿದು, ತಮ್ಮನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಕಳೆದು, ಬೋಧಕರ ಸಂಖ್ಯೆಯಿಂದ ಭಾಗಿಸುತ್ತಾರೆ. 2021ರ ಜೂನ್‌ನಲ್ಲಿ ಬಂದ ಪಟ್ಟಿಯಲ್ಲಿ ವಿಜ್ಞಾನ ಸಂಸ್ಥೆಗೆ ಈ ಅಂಶದಲ್ಲಿ 100ಕ್ಕೆ 100. ಅದೇ ಪಟ್ಟಿಯಲ್ಲಿ ಒಟ್ಟಾರೆ ಸ್ಥಾನ ಮಾತ್ರ 186. ಒಂದು ಅಂಶದಲ್ಲಿ ಜಗತ್ತಿಗೇ ಮೇಲು, ಎಲ್ಲ ಕಲಸಿದರೆ ನೂರೆಂಬತ್ತಾರು. ನಿಮಗೆ ಬೇಕಾದ್ದು ಯಾವುದು ಅಂತ ಗೊತ್ತಿಲ್ಲದೆ ಪಟ್ಟಿ ತೆರೆಯಬಾರದು ಅನ್ನುವುದು ಅದಕ್ಕೇ.

ಇನ್ನು ಶೇ 2ರ ಪಟ್ಟಿ. ಸ್ಟ್ಯಾನ್‌ಫರ್ಡ್‌ನ ಜಾನ್ ಇಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಅನ್ನುವ ಪೇಪರ್, ಸೈಟೇಷನ್‌ಗಳ ಡೇಟಾಬೇಸಿನಿಂದ ತಯಾರಿಸುವ ಎಕ್ಸೆಲ್ ಹಾಳೆ ಅದು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಎರಡು ಹಾಳೆ ಇರುತ್ತವೆ: ಇಡೀ ವೃತ್ತಿಜೀವನದ್ದು ಒಂದು, ಒಂದೇ ವರ್ಷದ್ದು ಇನ್ನೊಂದು. ಬ್ಯಾನರ್‌ನಲ್ಲಿ ಯಾವುದು ಅಂತ ಬರೆದಿರುವುದಿಲ್ಲ. ಹಾಳೆಯಲ್ಲಿ ಸ್ವಂತ ಉಲ್ಲೇಖ ಶೇಕಡಾ ಎಷ್ಟು ಅನ್ನುವ ಕಾಲಂ ಇದೆ, ಇತ್ತೀಚಿನವುಗಳಲ್ಲಿ ಹಿಂತೆಗೆದುಕೊಂಡ, ಅಂದರೆ ಅಚ್ಚಾದ ಮೇಲೆ ತಪ್ಪು ಕಂಡು ವಾಪಸ್ ಪಡೆದ, ಪೇಪರ್‌ಗಳ ಲೆಕ್ಕವೂ ಇದೆ. ಬ್ಯಾನರಿನಲ್ಲಿ ಹೆಸರಿದ್ದವರನ್ನು ಆ ಎರಡು ಕಾಲಮ್ಮಿನಲ್ಲಿ ಒಮ್ಮೆ ನೋಡಿ. ಐದು ನಿಮಿಷದ ಕೆಲಸ.

ಒಟ್ಟು ಮೊತ್ತ ಎಷ್ಟು ಮೋಸ ಮಾಡಬಲ್ಲದು ಅನ್ನುವುದಕ್ಕೆ 2010ರ ಕಥೆ ಸಾಕು. ಆ ವರ್ಷದ ಟೈಮ್ಸ್ ಹೈಯರ್ ಎಜುಕೇಷನ್ ಪಟ್ಟಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ವಿಶ್ವವಿದ್ಯಾಲಯ ಸೈಟೇಷನ್ ಅಂಶದಲ್ಲಿ ಜಗತ್ತಿಗೇ ನಾಲ್ಕನೆಯದಾಗಿತ್ತು. ಕೆದಕಿ ನೋಡಿದರೆ, ಬಹುಪಾಲು ಒಬ್ಬರೇ ಲೇಖಕರಿಂದ ಬಂದದ್ದು. ಅವರೇ ಸಂಪಾದಕರಾಗಿದ್ದ ಜರ್ನಲ್ಲಿನಲ್ಲಿ ಅವರದೇ ಪೇಪರ್‌ಗಳು ಸಾಲಾಗಿ ಅಚ್ಚಾಗಿದ್ದವು.

ಕಾಲೇಜು ಬಿಡಿ, ವಿಭಾಗ ಹಿಡಿಯಿರಿ

ಈಗ ನಮ್ಮ ಕೆಲಸ. ನೀವು ಓದಬೇಕೆಂದಿರುವ ವಿಷಯ ಯಾವುದು? ‘ಎಲೆಕ್ಟ್ರಿಕಲ್’ ಅಂದರೆ ಸಾಲದು, ಪವರ್ ಎಲೆಕ್ಟ್ರಾನಿಕ್ಸೋ, ಕಂಟ್ರೋಲೋ, ಹೈ ವೋಲ್ಟೇಜೋ? ಆ ಮಟ್ಟಕ್ಕೆ ಇಳಿದರೆ ಬೆಂಗಳೂರಿನಲ್ಲಿ ನೋಡಬೇಕಾದ ವಿಭಾಗಗಳು ಐದಾರಕ್ಕೆ ಇಳಿಯುತ್ತವೆ. ಅಕ್ಕನ ಮಗ ಮೊದಲ ದಿನ ತಂದದ್ದು ಇಪ್ಪತ್ತೆರಡು ಕಾಲೇಜಿನ ಪಟ್ಟಿ. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಆರಕ್ಕೆ ಬಂತು.

ಆಮೇಲೆ ಪ್ರತಿ ವಿಭಾಗದಲ್ಲಿ ಈಗ ನಿಜವಾಗಿ ಇರುವವರು ಯಾರು ಅಂತ ಪಟ್ಟಿ ಮಾಡಿ. ವೆಬ್‌ಸೈಟಿನ ಫ್ಯಾಕಲ್ಟಿ ಪುಟ ನಂಬಬೇಡಿ. ಬಿಟ್ಟುಹೋದವರ ಫೋಟೋ ಅಲ್ಲಿ ಎರಡು ವರ್ಷ ನಗುತ್ತಿರುತ್ತದೆ. ಎನ್‌ಐಆರ್‌ಎಫ್‌ಗೆ ಸಲ್ಲಿಸಿದ ದತ್ತಾಂಶವನ್ನು ಕಾಲೇಜು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು, ಆ ಪಿಡಿಎಫ್‌ನ ಕೊನೆಯಲ್ಲಿ ಅಧ್ಯಾಪಕರ ಪಟ್ಟಿ ಇರುತ್ತದೆ: ಹೆಸರು, ವಯಸ್ಸು, ಹುದ್ದೆ, ಓದು, ಅನುಭವ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಮ್ಯಾಂಡೇಟರಿ ಡಿಸ್‌ಕ್ಲೋಷರ್ ಅನ್ನುವ ಪುಟವನ್ನೂ ತೆರೆದು ತಾಳೆ ನೋಡಿ. ನಾವು ಆ ಪಟ್ಟಿಯನ್ನು ಎಕ್ಸೆಲ್‌ಗೆ ಅಂಟಿಸಿ, ಹೆಸರು, ಹುದ್ದೆ ಇಟ್ಟುಕೊಂಡು ಉಳಿದ ಕಾಲಂ ಅಳಿಸಿದೆವು.

ಹೆಸರಿನ ಗೋಜಲು

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವ ಭಾಗ ಇದು. ಬೇಜಾರಾಗಿ ಬಿಟ್ಟರೆ ಮುಂದಿನದೆಲ್ಲ ತಪ್ಪುತ್ತದೆ.

ನಮ್ಮ ಕಡೆ ಹೆಸರಿನ ಹಿಂದೋ ಮುಂದೋ ಊರಿನ ಅಕ್ಷರ ಒಂದು, ಅಪ್ಪನ ಹೆಸರಿನ ಅಕ್ಷರ ಒಂದು. ಮನೆತನದ ಹೆಸರು ಅನ್ನುವುದು ಹಳೇ ಮೈಸೂರು ಕಡೆ ಬಹುತೇಕರಿಗೆ ಇಲ್ಲವೇ ಇಲ್ಲ. ಡೇಟಾಬೇಸುಗಳು ಹುಟ್ಟಿದ್ದು ‘ಸರ್‌ನೇಮ್’ ಇರುವವರ ನಾಡಿನಲ್ಲಿ. ಮಂಜುನಾಥ ಅನ್ನುವ ಹೆಸರನ್ನೇ ತೆಗೆದುಕೊಳ್ಳಿ. ಒಂದು ಪೇಪರಿನಲ್ಲಿ ‘ಎಚ್. ಎಸ್. ಮಂಜುನಾಥ’, ಇನ್ನೊಂದರಲ್ಲಿ ‘ಮಂಜುನಾಥ ಎಚ್ ಎಸ್’, ಮತ್ತೊಂದರಲ್ಲಿ ‘ಎಸ್’ ಅನ್ನುವುದೇ ಸರ್‌ನೇಮ್ ಆಗಿ ಕೂತಿರುತ್ತದೆ. ಕಂಪ್ಯೂಟರಿಗೆ ಇವರು ಮೂವರು. ಅದರ ಉಲ್ಟಾವೂ ಆಗುತ್ತದೆ: ಮಂಡ್ಯದ ಮಂಜುನಾಥನೂ ತುಮಕೂರಿನ ಮಂಜುನಾಥನೂ ಒಂದೇ ಪ್ರೊಫೈಲಿಗೆ ಸೇರಿ ಇಬ್ಬರ ಸೈಟೇಷನ್ನೂ ಒಬ್ಬರಿಗೆ ಹೋಗುತ್ತದೆ.

ನಾನು ಹಿಂದೆ ಇದ್ದ ಒಂದು ಕಾಲೇಜಿನಲ್ಲಿ ಇದೇ ತಪ್ಪು ಮಾಡಿ ಮರ್ಯಾದೆ ಕಳೆದುಕೊಂಡಿದ್ದೇನೆ. ಸಿವಿಲ್ ವಿಭಾಗದ ಮೇಷ್ಟ್ರ ಲೆಕ್ಕಕ್ಕೆ ಅದೇ ಹೆಸರಿನ, ಅದೇ ಇನಿಷಿಯಲ್ಲಿನ ಬೇರೊಬ್ಬ ರಸಾಯನಶಾಸ್ತ್ರಜ್ಞರ ನಲವತ್ತು ಪೇಪರ್ ಸೇರಿಸಿಬಿಟ್ಟೆ. ಪ್ರಿನ್ಸಿಪಾಲರು ವೇದಿಕೆಯ ಮೇಲೆ ಆ ಅಂಕಿ ಓದಿ ಶಾಲು ಹೊದಿಸಿದರು. ಮೇಷ್ಟ್ರು ಕೆಳಗಿಳಿದು ಬಂದವರೇ ನನ್ನನ್ನು ಮೂಲೆಗೆ ಕರೆದು, ‘ನಾನು ಕಾಂಕ್ರೀಟಿನವನು ಕಣ್ರೀ, ಔಷಧದ ಮೇಲೆ ಯಾವಾಗ ಬರೆದೆ?’ ಅಂದರು.

ಇದರಿಂದ ಪಾರಾಗಲು ಎರಡು ದಾರಿ. ಮೊದಲನೆಯದು ಆರ್ಕಿಡ್ ಸಂಖ್ಯೆ. 2012ರಿಂದ ಇರುವ, ಸಂಶೋಧಕರಿಗೆ ಕೊಡುವ 16 ಅಂಕಿಯ ಗುರುತು, ಆಧಾರ್ ಇದ್ದ ಹಾಗೆ ಅಂದುಕೊಳ್ಳಿ. ಅಧ್ಯಾಪಕರ ಪುಟದಲ್ಲಿ ಅದಿದ್ದರೆ ಅದನ್ನೇ ಹಿಡಿದು ಹುಡುಕಿ. ಇಲ್ಲದಿದ್ದರೆ ಅವರ ಮೊದಲ ಹತ್ತು ಪೇಪರಿನ ಶೀರ್ಷಿಕೆ ಓದಿ. ಹತ್ತರಲ್ಲಿ ಎರಡು ಬೇರೆ ಲೋಕದ್ದಾಗಿದ್ದರೆ ಬೆರಕೆಯಾಗಿದೆ ಅಂತಲೇ ಅರ್ಥ.

ಸಂಸ್ಥೆಗಳ ಹೆಸರೂ ಹೀಗೇ ಕಾಡುತ್ತದೆ. ಊರಿನ ಹೆಸರು ಇಂಗ್ಲಿಷಿನಲ್ಲಿ ಬದಲಾದದ್ದು 2014ರ ನವೆಂಬರ್ 1ಕ್ಕೆ. ಹಳೇ ಪೇಪರೆಲ್ಲ ಬ್ಯಾಂಗಲೋರ್, ಹೊಸದರಲ್ಲಿ ಅರ್ಧ ಬೆಂಗಳೂರು. ಕೆ.ಆರ್. ಸರ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ಯುವಿಸಿಇ 1917ರಿಂದ ಇದೆ, ಆದರೆ ಇತ್ತೀಚೆಗೆ ಸ್ವಾಯತ್ತ ವಿಶ್ವವಿದ್ಯಾಲಯ ಆಗುವವರೆಗೆ ಅಲ್ಲಿನ ಪೇಪರ್‌ಗಳ ವಿಳಾಸದಲ್ಲಿ ಬೆಂಗಳೂರು ವಿಶ್ವವಿದ್ಯಾಲಯವೇ ಇರುತ್ತಿತ್ತು. ಹಾಗಾಗಿ ಎಷ್ಟೋ ಸೈಟೇಷನ್ ಆ ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿನ ಲೆಕ್ಕಕ್ಕೆ ಹೋಗಿದೆ. ಪಿಇಎಸ್ 2013ರ ಹಿಂದಿನ ಪೇಪರ್‌ಗಳಲ್ಲಿ ವಿಶ್ವವಿದ್ಯಾಲಯ ಅಲ್ಲ, ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಕೆಳಗಿನ ಕಾಲೇಜು. ವಿಟಿಯುಗೆ ಸೇರಿದ ಕಾಲೇಜುಗಳವರು ವಿಳಾಸದ ಕೊನೆಗೆ ಬೆಳಗಾವಿ ಅಂತ ಸೇರಿಸಿದರೆ, ಬಸವನಗುಡಿಯಲ್ಲಿ ನಡೆದ ಕೆಲಸದ ಪುಣ್ಯ ಬೆಳಗಾವಿಗೂ ಹೋಗುತ್ತದೆ. ಸಂಸ್ಥೆಯ ಹೆಸರು ಹಾಕಿ ಮೊತ್ತ ತೆಗೆಯುವುದನ್ನು ನಾನು ನಂಬದಿರುವುದು ಇದಕ್ಕೇ. ಒಬ್ಬೊಬ್ಬರಾಗಿ ಹೋಗಿ.

ಅಂಕಿ ಎಲ್ಲಿಂದ ತೆಗೆಯುವುದು

ಪೇಪರ್ ಹುಡುಕುವ ಗೂಗಲ್ ಸ್ಕಾಲರ್ ಎಲ್ಲರಿಗೂ ಗೊತ್ತು, ದುಡ್ಡಿಲ್ಲ. ಪ್ರೊಫೈಲಿನ ಬಲಗಡೆ ಎರಡು ಕಾಲಂ ಇರುತ್ತವೆ, ಒಂದು ಒಟ್ಟು, ಇನ್ನೊಂದು ಇತ್ತೀಚಿನ ಐದು ವರ್ಷದ್ದು. ಒಟ್ಟನ್ನು ಕೈಯಿಂದ ಮುಚ್ಚಿಕೊಂಡು ಎರಡನೆಯದನ್ನು ನೋಡಿ. ಆದರೆ ಸ್ಕಾಲರ್ ಎಲ್ಲವನ್ನೂ ಎಣಿಸುತ್ತದೆ: ಪ್ರಬಂಧ, ವರದಿ, ಎಲ್ಲೋ ಏರಿಸಿದ ಪಿಡಿಎಫ್. ಸ್ವಂತ ಉಲ್ಲೇಖ ಕಳೆಯುವುದಿಲ್ಲ. ಪ್ರೊಫೈಲ್ ತೆರೆಯದ ಮೇಷ್ಟ್ರು ಅಲ್ಲಿ ಇಲ್ಲವೇ ಇಲ್ಲ, ಮತ್ತು ಹಳಬರಲ್ಲಿ ಇಂಥವರು ಬಹಳ.

ಸ್ಕೋಪಸ್‌ಗೆ ಚಂದಾ ಬೇಕು, ಆದರೆ ಲೇಖಕರ ಹೆಸರು ಹುಡುಕಿ ಪೇಪರ್ ಸಂಖ್ಯೆ, ಎಚ್-ಇಂಡೆಕ್ಸ್ ನೋಡುವಷ್ಟನ್ನು ಬಿಟ್ಟಿ ಬಿಟ್ಟಿದ್ದಾರೆ. ಸ್ಕಾಲರ್‌ಗಿಂತ ಅಂಕಿ ಯಾವಾಗಲೂ ಕಡಿಮೆ ಕಾಣುತ್ತದೆ, ಗಾಬರಿಯಾಗಬೇಡಿ. ಒಬ್ಬರಿಗೆ ಸ್ಕಾಲರ್, ಇನ್ನೊಬ್ಬರಿಗೆ ಸ್ಕೋಪಸ್ ಹಾಕಿ ಹೋಲಿಸಬೇಡಿ, ಅಷ್ಟೇ. ಗುಜರಾತಿನ ಗಾಂಧಿನಗರದ ಲೈಬ್ರರಿ ಜಾಲ ಕೇಂದ್ರ ಇನ್‌ಫ್ಲಿಬ್‌ನೆಟ್ ನಡೆಸುವ ಐರಿನ್ಸ್‌ನಲ್ಲಿ ಅನೇಕ ಸಂಸ್ಥೆಗಳ ಅಧ್ಯಾಪಕರ ಪಟ್ಟಿ ವಿಭಾಗವಾರು ಸಿಗುತ್ತದೆ, ನೀವು ನೋಡುವ ಸಂಸ್ಥೆ ಅದರಲ್ಲಿದ್ದರೆ ಅರ್ಧ ದಿನ ಉಳಿಯಿತು.

ನನಗೆ ಹೆಚ್ಚು ಹಿಡಿಸಿದ್ದು ಓಪನ್‌ಅಲೆಕ್ಸ್. ಮೈಕ್ರೋಸಾಫ್ಟ್ ತನ್ನ ಅಕಾಡೆಮಿಕ್ ಸೇವೆ ಮುಚ್ಚಿದ ಬೆನ್ನಲ್ಲೇ 2022ರ ಜನವರಿಯಲ್ಲಿ ಶುರುವಾದದ್ದು, ಉಚಿತ. ಸಂಸ್ಥೆಯನ್ನೋ ಲೇಖಕರನ್ನೋ ಆರಿಸಿ, ವರ್ಷ ಹಾಕಿ, ಸೈಟೇಷನ್ ಪ್ರಕಾರ ಜೋಡಿಸಿ, ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆಯುವ ಹಾಗೆ ಇಳಿಸಿಕೊಳ್ಳಬಹುದು. ಹೆಸರಿನ ಗೋಜಲು ಇಲ್ಲೂ ಇದೆ, ಇನ್ನೂ ಸ್ವಲ್ಪ ಜಾಸ್ತಿಯೇ ಇದೆ. ಆದರೆ ಅದೇ ವರ್ಷದ, ಅದೇ ವಿಷಯದ ಬೇರೆ ಪೇಪರ್‌ಗಳ ನಡುವೆ ಇದು ಎಲ್ಲಿ ನಿಲ್ಲುತ್ತದೆ ಅನ್ನುವ ಅಂಕಿಯನ್ನೂ ಕೊಡುತ್ತದೆ. ಅದರ ಉಪಯೋಗ ಮುಂದೆ ಬರುತ್ತದೆ.

ವರ್ಷದ ಗಡಿ ಹಾಕಿಕೊಳ್ಳಿ. ಈ ವರ್ಷ, ಹೋದ ವರ್ಷದ ಪೇಪರ್ ಬಿಟ್ಟು ಅದರ ಹಿಂದಿನ ಐದು ವರ್ಷ ಸರಿಯಾದ ಅವಧಿ. ನಿನ್ನೆ ಅಚ್ಚಾದದ್ದನ್ನು ಯಾರೂ ಇನ್ನೂ ಓದಿರುವುದಿಲ್ಲ.

ಸರಾಸರಿ ಬೇಡ, ನಡುವಿನವರನ್ನು ನೋಡಿ

ಹಾಳೆ ತುಂಬಿದ ಮೇಲೆ ಎಲ್ಲರೂ ಮಾಡುವ ಕೆಲಸ, ಮೊತ್ತ ತೆಗೆದು ತಲೆ ಎಣಿಕೆಯಿಂದ ಭಾಗಿಸುವುದು. ಅದನ್ನು ಮಾಡಬೇಡಿ. ಯಾಕೆ ಅಂತ ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡಿ.

ಮೊದಲ ವಿಭಾಗದಲ್ಲಿ ಹತ್ತು ಜನ. ಅವರ ಐದು ವರ್ಷದ ಸೈಟೇಷನ್: 40, 55, 60, 70, 80, 90, 110, 120, 150, 6,000. ಎರಡನೆಯದರಲ್ಲೂ ಹತ್ತು ಜನ: 300, 320, 350, 380, 400, 420, 450, 500, 520, 560. ಮೊದಲನೆಯದರ ಸರಾಸರಿ 677.5, ಎರಡನೆಯದರದ್ದು 420. ಬ್ಯಾನರ್ ಹಾಕುವುದು ಮೊದಲನೆಯವರು. ಈಗ ಸಾಲಿನ ನಡುವೆ ನಿಂತವರನ್ನು ನೋಡಿ. ಮೊದಲನೆಯದರಲ್ಲಿ 80 ಮತ್ತು 90ರ ನಡುವೆ, ಅಂದರೆ 85. ಎರಡನೆಯದರಲ್ಲಿ 410. ಆ 6,000ದವರ ಬಳಿ ಸೀಟು ಸಿಕ್ಕರೆ ಸರಿ. ಸಿಗದಿದ್ದರೆ ನಿಮಗೆ ಸಿಗುವ ಗೈಡ್ 85ರ ಆಸುಪಾಸಿನವರು. ಎಕ್ಸೆಲ್‌ನಲ್ಲಿ ಮೀಡಿಯನ್ ಅನ್ನುವ ಸೂತ್ರ ಹಾಕಿದರೆ ಇದು ತಾನೇ ಬರುತ್ತದೆ.

ಇದರ ಜೊತೆಗೆ ಇನ್ನೊಂದು ಅಂಕಿ ಬರೆದಿಟ್ಟುಕೊಳ್ಳಿ: ವಿಭಾಗದ ಒಟ್ಟು ಸೈಟೇಷನ್ನಿನಲ್ಲಿ ಮೊದಲ ಒಬ್ಬರದ್ದು ಎಷ್ಟು ಪಾಲು. ಮೇಲಿನ ಮೊದಲ ವಿಭಾಗದಲ್ಲಿ ಅದು 6,775ಕ್ಕೆ 6,000. ಅವರೊಬ್ಬರು ರಾಜೀನಾಮೆ ಕೊಟ್ಟ ದಿನ ಬ್ಯಾನರ್ ಇಳಿಸಬೇಕಾಗುತ್ತದೆ.

ಲೇಖಕರ ಪಟ್ಟಿ ತೀರಾ ಉದ್ದವಿದ್ದರೆ ಆ ಪೇಪರನ್ನು ಪಕ್ಕಕ್ಕಿಡಿ. 2015ರಲ್ಲಿ ಹಿಗ್ಸ್ ಕಣದ ಬಗ್ಗೆ ಬಂದ ಒಂದು ಪೇಪರಿಗೆ 5,154 ಲೇಖಕರು. ಅದರಲ್ಲಿ ಹೆಸರಿದ್ದವರೆಲ್ಲರಿಗೂ ಪೂರ್ತಿ ಸೈಟೇಷನ್ ಸಿಗುತ್ತದೆ. ನೆದರ್‌ಲೆಂಡ್ಸಿನ ಲೈಡನ್ ಪಟ್ಟಿಯವರು ಇಂಥ ಕಡೆ ಲೇಖಕರ ಲೆಕ್ಕದಲ್ಲಿ ಪಾಲು ಹಂಚುತ್ತಾರೆ. ಮನೆಯಲ್ಲಿ ಕೂತು ಮಾಡುವವರಿಗೆ ಅಷ್ಟೆಲ್ಲ ಬೇಡ, ಇಪ್ಪತ್ತಕ್ಕಿಂತ ಹೆಚ್ಚು ಹೆಸರಿದ್ದರೆ ಬಿಟ್ಟುಬಿಡಿ.

ಪ್ರತಿಯೊಬ್ಬರ ಮೂರು ಪೇಪರ್ ತೆರೆಯಿರಿ

ಪಟ್ಟಿಯಲ್ಲಿ ಮೇಲೆ ಬಂದವರನ್ನು ಮಾತ್ರ ತೆಗೆದುಕೊಳ್ಳಿ. ಪ್ರತಿಯೊಬ್ಬರ ಅತಿ ಹೆಚ್ಚು ಸೈಟ್ ಆದ ಮೂರು ಪೇಪರ್ ತೆರೆದು, ಹೆಸರಿನ ಕೆಳಗಿನ ವಿಳಾಸ ಓದಿ. ಆ ಕೆಲಸ ಎಲ್ಲಿ ನಡೆದದ್ದು?

ಹೊಸದಾಗಿ ಸೇರಿದ ಅಸಿಸ್ಟೆಂಟ್ ಪ್ರೊಫೆಸರಿಗೆ ಎರಡು ಸಾವಿರ ಸೈಟೇಷನ್ ಇರಬಹುದು, ಅಷ್ಟೂ ಸಿಂಗಪುರದಲ್ಲೋ ಟೆಕ್ಸಾಸಿನಲ್ಲೋ ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ನಂತರದ ಸಂಶೋಧನೆ, ಮಾಡುವಾಗಿನದು. ಅದು ತವರಿನಿಂದ ತಂದ ಒಡವೆ. ಇಲ್ಲಿಗೆ ಬಂದ ಮೇಲೆ ಮಾಡಿಸಿದ್ದು ಎಷ್ಟು ಅಂತ ನೋಡಬೇಕು. ಹೊಸಬರಿಗೆ ಲ್ಯಾಬ್ ಕಟ್ಟಲೇ ಮೂರು ವರ್ಷ ಹೋಗುತ್ತದೆ, ಅದಕ್ಕೆ ರಿಯಾಯಿತಿ ಕೊಡಿ. ಎಂಟು ವರ್ಷ ಆದ ಮೇಲೂ ಹಳೇ ಒಡವೆಯೇ ಹೊಳೆಯುತ್ತಿದ್ದರೆ ಯೋಚಿಸಿ.

ಭಾರತದ ಎಂಜಿನಿಯರಿಂಗ್ ವಿಭಾಗವೊಂದರಿಂದ ಹೊರಟು ಜಗತ್ತೆಲ್ಲ ಬಳಸುವ ಕೆಲಸಗಳಲ್ಲಿ ಎನ್‌ಎಸ್‌ಜಿಎ-2 ಅನ್ನುವ, ಒಂದಕ್ಕೊಂದು ಎದುರಾದ ಗುರಿಗಳ ನಡುವೆ ಒಳ್ಳೆಯ ಹೊಂದಾಣಿಕೆ ಹುಡುಕುವ ಅಲ್ಗಾರಿದಂ ಒಂದು. ಕಲ್ಯಾಣ್ಮೊಯ್ ದೇಬ್ ಮತ್ತು ಮೂವರು ಸಂಗಡಿಗರು ಐಐಟಿ ಕಾನ್ಪುರದಲ್ಲಿ ಮಾಡಿದ್ದು, 2002ರ ಪೇಪರ್. ಸೈಟೇಷನ್ ಹತ್ತಾರು ಸಾವಿರ ದಾಟಿದೆ. ದೇಬ್ ಆಮೇಲೆ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು. ಈಗ ಲೇಖಕರ ಲೆಕ್ಕದಲ್ಲಿ ರ‍್ಯಾಂಕ್ ಮಾಡಿದರೆ ಆ ಸಾವಿರಗಳು ಮಿಷಿಗನ್ನಿಗೆ, ಪೇಪರಿನ ವಿಳಾಸದ ಲೆಕ್ಕದಲ್ಲಿ ಮಾಡಿದರೆ ಕಾನ್ಪುರಕ್ಕೆ. ಎರಡೂ ಸರಿಯಾದ ಉತ್ತರವೇ, ಪ್ರಶ್ನೆ ಬೇರೆ. ಗೈಡ್ ಹುಡುಕುವವರಿಗೆ ಬೇಕಾದ್ದು ವ್ಯಕ್ತಿ ಎಲ್ಲಿದ್ದಾರೆ ಅನ್ನುವುದು.

ವಿಳಾಸದಲ್ಲಿ ಎರಡೆರಡು ಸಂಸ್ಥೆ ಇದ್ದರೂ ಗಮನಿಸಿ. ದುಡ್ಡಿಗಾಗಿ ಬೇರೆ ದೇಶದ ವಿಶ್ವವಿದ್ಯಾಲಯದ ಹೆಸರನ್ನು ಮೊದಲು ಹಾಕಿಕೊಂಡ ಸ್ಪೇನಿನ ಸಂಶೋಧಕರ ಸುದ್ದಿ 2023ರಲ್ಲಿ ದೊಡ್ಡದಾಗಿತ್ತು. ಆಮೇಲೆ ಸೈಟ್ ಮಾಡಿದವರು ಯಾರು ಅಂತ ಕಣ್ಣಾಡಿಸಿ. ಅದೇ ಐದು ಹೆಸರು, ಅದೇ ಎರಡು ಜರ್ನಲ್ ಮತ್ತೆ ಮತ್ತೆ ಬಂದರೆ ಅದು ನೀ ನನಗಿದ್ದರೆ ನಾ ನಿನಗೆ ವ್ಯವಹಾರ. ಹಿಂತೆಗೆದುಕೊಂಡ ಪೇಪರ್ ಇದೆಯಾ ಅಂತ ರಿಟ್ರಾಕ್ಷನ್ ವಾಚ್ ದತ್ತಾಂಶದಲ್ಲಿ ಹೆಸರು ಹಾಕಿ ನೋಡಿ, 2023ರಿಂದ ಅದು ಎಲ್ಲರಿಗೂ ಮುಕ್ತ. ಒಂದು ಪೇಪರ್ ಹಿಂತೆಗೆದುಕೊಂಡರೆ ಅಪರಾಧವಲ್ಲ, ಪ್ರಾಮಾಣಿಕವಾಗಿ ತಪ್ಪು ಒಪ್ಪಿಕೊಂಡವರೂ ಇದ್ದಾರೆ. ಕಾರಣ ಓದಿ. ಏಳೆಂಟು ಇದ್ದರೆ ಕಾರಣ ಓದುವ ಕಷ್ಟವೂ ಬೇಡ.

ರಾಗಿಯನ್ನು ಕಬ್ಬಿನ ಜೊತೆ ತೂಗಬೇಡಿ

ಮೆಟೀರಿಯಲ್ಸ್‌ನಲ್ಲಿ ಒಂದು ಒಳ್ಳೆಯ ಪೇಪರ್ ಮೂರು ವರ್ಷದಲ್ಲಿ ಪಡೆಯುವ ಸೈಟೇಷನ್ನನ್ನು ಸಿವಿಲ್‌ನ ಒಳ್ಳೆಯ ಪೇಪರ್ ಹತ್ತು ವರ್ಷದಲ್ಲೂ ಪಡೆಯದಿರಬಹುದು. ಅಲ್ಲಿ ಬರೆಯುವವರೇ ಹೆಚ್ಚು, ಒಂದೊಂದು ಪೇಪರಿನ ಪಟ್ಟಿಯೂ ಉದ್ದ. ರಾಗಿ ಹೊಲವನ್ನೂ ಕಬ್ಬಿನ ಗದ್ದೆಯನ್ನೂ ಎಕರೆಗೆ ಎಷ್ಟು ಟನ್ ಅಂತ ಹೋಲಿಸಿದರೆ ಕಬ್ಬೇ ಗೆಲ್ಲುವುದು. ಹಾಗಾಗಿ ಸಿವಿಲ್ ಅನ್ನು ಸಿವಿಲ್ ಜೊತೆಗೇ ಇಡಿ. ವಿಭಾಗ ದಾಟಿ ಹೋಲಿಸಲೇಬೇಕೆಂದಿದ್ದರೆ ನಾನು ಹೇಳಿದ ಓಪನ್‌ಅಲೆಕ್ಸ್‌ನ ಸರಿದೂಗಿಸಿದ ಅಂಕಿ ಬಳಸಿ. ಸ್ಕೋಪಸ್‌ನಲ್ಲೂ ಅಂಥದೊಂದಿದೆ. 1 ಅಂದರೆ ಆ ವಿಷಯದಲ್ಲಿ ಜಗತ್ತಿನ ಸರಾಸರಿ, 2 ಅಂದರೆ ಅದರ ಎರಡು ಪಟ್ಟು.

ಕಂಪ್ಯೂಟರ್ ಸೈನ್ಸಿನವರು ಇನ್ನೂ ಬೇರೆ. ಅವರ ಒಳ್ಳೆಯ ಕೆಲಸ ಜರ್ನಲ್ಲಿಗಿಂತ ಮೊದಲು ಕಾನ್ಫರೆನ್ಸಿನಲ್ಲಿ ಬರುತ್ತದೆ. ಅವರಿಗೆಂದೇ ಸಿಎಸ್‌ರ‍್ಯಾಂಕಿಂಗ್ಸ್ ಅನ್ನುವ ತಾಣವಿದೆ, ಮ್ಯಾಸಚೂಸೆಟ್ಸಿನ ಎಮರಿ ಬರ್ಗರ್ ಕಟ್ಟಿದ್ದು. ಅದು ಸೈಟೇಷನ್ ಎಣಿಸುವುದೇ ಇಲ್ಲ. ಆಯ್ದ ದೊಡ್ಡ ಕಾನ್ಫರೆನ್ಸುಗಳಲ್ಲಿ ಯಾರ ಪೇಪರ್ ಎಷ್ಟು ಅಂತ ನೋಡಿ, ಲೇಖಕರಲ್ಲಿ ಹಂಚುತ್ತದೆ. ಸೈಟೇಷನ್ ಉಬ್ಬಿಸುವುದು ಸುಲಭ, ಆ ಕಾನ್ಫರೆನ್ಸಿಗೆ ನುಗ್ಗುವುದು ಕಷ್ಟ ಅನ್ನುವುದು ಅದರ ತರ್ಕ. ನನಗೂ ಸರಿ ಅನ್ನಿಸುತ್ತದೆ.

ಸೈಟೇಷನ್ನಿಗೆ ಸಿಗದ ಕೆಲಸವೂ ಇದೆ. ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಅಸ್ತ್ರ ಅನ್ನುವ ಕೇಂದ್ರ ಶುರುವಾಯಿತು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ. ಅಲ್ಲಿಂದ ಬಂದ ಅಸ್ತ್ರ ಒಲೆ ಸೌದೆ ಉಳಿಸಿತು, ಹೊಗೆ ಕಮ್ಮಿ ಮಾಡಿತು. ನಮ್ಮಜ್ಜಿಯ ಅಡುಗೆಮನೆಯಲ್ಲಿ ಒಂದಿತ್ತು. ಅಜ್ಜಿ ಯಾವ ಜರ್ನಲ್ಲಿನಲ್ಲೂ ಅದನ್ನು ಉಲ್ಲೇಖಿಸಲಿಲ್ಲ. ಕೆರೆ, ರಸ್ತೆ, ಮಣ್ಣಿನ ಇಟ್ಟಿಗೆ ಅಂತ ಕೆಲಸ ಮಾಡುವವರನ್ನು ನೋಡುವಾಗ ಹಾಳೆಯ ಪಕ್ಕದಲ್ಲಿ ಕೈಬರಹದಲ್ಲೇ ಒಂದು ಸಾಲು ಬರೆದಿಟ್ಟುಕೊಳ್ಳಿ.

ಕೊನೆಗೆ ಹೋಗಿ ನೋಡಿ

ಆರು ವಿಭಾಗ, ಪ್ರತಿಯೊಂದಕ್ಕೂ ಒಂದು ಮೀಡಿಯನ್, ಮೊದಲಿಗರ ಪಾಲು, ವಿಭಾಗದ ಹೆಸರಿನ ಎದುರಿಗೆ ಇಬ್ಬರು ಮೂವರು ಗೈಡುಗಳು. ಇಷ್ಟು ಸಿಕ್ಕಿದರೆ ಲ್ಯಾಪ್‌ಟಾಪ್ ಮುಚ್ಚಬಹುದು. ಪಿಎಚ್.ಡಿ. ಪ್ರಬಂಧಗಳ ಭಂಡಾರವಾದ ಶೋಧಗಂಗಾ ತಾಣದಲ್ಲಿ ಆ ಗೈಡಿನ ಹೆಸರು ಹಾಕಿ, ಎಷ್ಟು ಜನ ಪಿಎಚ್.ಡಿ. ಮುಗಿಸಿದ್ದಾರೆ, ಎಷ್ಟು ವರ್ಷ ತೆಗೆದುಕೊಂಡಿದ್ದಾರೆ ನೋಡಿ. ಆಮೇಲೆ ಮೇಲ್ ಬರೆಯಿರಿ, ಒಂದು ಪೇಪರನ್ನು ನಿಜವಾಗಿ ಓದಿ ಅದರ ಬಗ್ಗೆ ಒಂದು ಪ್ರಶ್ನೆ ಕೇಳಿ. ‘ರೆಸ್ಪೆಕ್ಟೆಡ್ ಸರ್’ ಅಂತ ಮೂವತ್ತು ಜನಕ್ಕೆ ಒಂದೇ ಮೇಲ್ ಕಳಿಸಿದರೆ ಮೂವತ್ತು ಜನಕ್ಕೂ ಗೊತ್ತಾಗುತ್ತದೆ. ವಿಜ್ಞಾನ ಸಂಸ್ಥೆಯಲ್ಲಿ ವರ್ಷಕ್ಕೊಮ್ಮೆ ಓಪನ್ ಡೇ ಇರುತ್ತದೆ, ಅವತ್ತು ಲ್ಯಾಬುಗಳ ಬಾಗಿಲು ತೆರೆದಿರುತ್ತದೆ, ವಿದ್ಯಾರ್ಥಿಗಳೇ ನಿಂತು ವಿವರಿಸುತ್ತಾರೆ. ಬೇರೆ ಕಡೆಗೆ ಫೋನ್ ಮಾಡಿ ಹೋಗಿ. ಗೈಡ್ ಹತ್ತಿರ ಹತ್ತು ನಿಮಿಷ ಸಾಕು, ಅವರ ವಿದ್ಯಾರ್ಥಿಗಳ ಜೊತೆ ಒಂದು ಗಂಟೆ ಕೂರಿ. ಮೊದಲ ಪೇಪರ್ ಬರಲು ಎಷ್ಟು ದಿನ ಆಯಿತು, ಉಪಕರಣಕ್ಕೆ ಸರದಿ ಎಷ್ಟು, ಹಿಂದಿನವರು ಈಗ ಎಲ್ಲಿದ್ದಾರೆ.

ಅಕ್ಕನ ಮಗ ಹಾಗೇ ಮಾಡಿದ. ನಮ್ಮ ಹಾಳೆಯಲ್ಲಿ ಎಲ್ಲ ಲೆಕ್ಕದಲ್ಲೂ ಮೊದಲು ಬಂದಿದ್ದ ಪ್ರೊಫೆಸರ ಲ್ಯಾಬಿಗೆ ಹೋಗಿ, ಅಲ್ಲಿನ ಹುಡುಗನೊಬ್ಬನ ಜೊತೆ ಗೇಟಿನಾಚೆ ಟೀ ಕುಡಿದು, ಸಂಜೆ ನನಗೆ ಫೋನ್ ಮಾಡಿದ. ‘ಮಾಮ, ಅವರು ಮುಂದಿನ ವರ್ಷ ರಿಟೈರ್ ಅಂತೆ. ಹೊಸಬರನ್ನು ತಗೊಳ್ತಿಲ್ಲ.’ ವಯಸ್ಸಿನ ಕಾಲಂ ಆ ಪಿಡಿಎಫ್‌ನಲ್ಲೇ ಇತ್ತು. ಮೊದಲ ಭಾನುವಾರ ಬೇಡ ಅಂತ ಅಳಿಸಿ ಹಾಕಿದವನು ನಾನೇ.